ಮಣಿಕಟ್ಟು ಬಲ್ಲದ್ದು

ತಾರ್ತು ಊರಿನ ಹೊಳೆದಂಡೆಯ ನೆಲಮಾಳಿಗೆಯಲ್ಲಿ
ಹೆಲ್ದೂರ್ ಮುದುಕ ನನಗೆ ಕೊಟ್ಟದ್ದು
ಒಂದು ಕೀಲಿಕೈ, ಎರಡು ತುಂಡು ಉಣ್ಣೆಪಟ್ಟಿ,
ಹಲ್ಲು ಹಳದಿಗಟ್ಟಿದ ಒಂದು ಪಿಯಾನೊ.
"ಕೇಳು" ಅಂದ.
ಕೇಳಿದೆ. ಎರಡು ತಂತಿ, ಒಂದೇ ಸದ್ದು.
"ಅದರೊಳಗೆ ಏನೋ ತೂಗುತ್ತಿದೆಯಲ್ಲ, ಅದನ್ನು."
ನನಗೆ ಕೇಳಿಸಿದ್ದು
ಕಿಟಕಿಯಾಚೆ ಹಿಮ ಕೆರೆಯುವ ಸಲಿಕೆ ಮಾತ್ರ.
ಹೌದು ಅಂದೆ.
ಸುಳ್ಳೆಂದು ಅವನಿಗೆ ಗೊತ್ತಾಯಿತು.

ಮೂರು ತಿಂಗಳು ಒಂದೇ ತಂತಿ.
ನಾನು ಬಿಗಿದು ತಂದು ನಿಲ್ಲಿಸುವುದು,
ಅವನು ಬಂದು ಕೂದಲೆಳೆಯಷ್ಟು ಸಡಿಲಿಸುವುದು,
"ಇನ್ನೊಮ್ಮೆ."
ಸರಿಮಾಡಿದ್ದನ್ನು ಕೆಡಿಸಿಡುವವನನ್ನು
ಗುರು ಅನ್ನುತ್ತಾರೆಂದು ಆಗ ತಿಳಿದಿರಲಿಲ್ಲ.
ಮನಸಾರೆ ಬೈದೆ,
ಸಂಜೆಯ ಬಸ್ಸಿನಲ್ಲಿ ಅಂಗೈಯ ಗುಳ್ಳೆ ಎಣಿಸಿದೆ.

ಎಷ್ಟು ತಿರುಗಿಸಬೇಕು, ಕೇಳಿದೆ ಒಮ್ಮೆ.
"ತಿರುಗಿಸಬೇಡ. ತಿರುಗಿಸಬೇಕು ಅಂದುಕೋ, ಸಾಕು."
ಆ ಮಾತನ್ನು ತಲೆ ಒಪ್ಪಲಿಲ್ಲ.
ತಲೆಯನ್ನು ಯಾರು ಕೇಳಿದರು?
ಅದು ಮಲಗಿದ ಮೇಲೆ
ಕತ್ತಲಲ್ಲಿ ಯಾರೋ ಎದ್ದು ಕೂತು
ಹಗಲಿನ ನಲವತ್ತು ತಪ್ಪು ಮಡಿಲಿಗೆ ಸುರಿದುಕೊಂಡು
ಕಾಳಿನೊಳಗಿನ ಕಲ್ಲಿನಂತೆ ಆರಿಸುತ್ತಿದ್ದರು.

ಮಾರ್ಚ್ ತಿಂಗಳು, ಹೊಳೆಯ ಮಂಜುಗಡ್ಡೆ ಬಿರಿಯುವ ವಾರ,
ಒಂದು ಬೆಳಿಗ್ಗೆ, ನಾನು ಬೇರೇನೋ ಯೋಚಿಸುತ್ತಿದ್ದಾಗ,
ಕೇಳಿಸಿತು.
ಊಂ... ಊಂ... ಊಂ...
ತಂತಿ ತಂತಿಯ ನಡುವೆ ಯಾರೋ ತೊಟ್ಟಿಲು ತೂಗಿದ ಹಾಗೆ.
ಬಿಗಿದಂತೆ ತೂಗು ನಿಧಾನ, ಇನ್ನೂ ನಿಧಾನ,
ಆಮೇಲೆ ನಿಂತೇಹೋಯಿತು.
ಅಷ್ಟು ದಿನವೂ ಅದು ಅಲ್ಲೇ ಇತ್ತು.
ಕಿವಿಯೇ ಊರಲ್ಲಿರಲಿಲ್ಲ.

ಹಾಡ್ತಾ ಹಾಡ್ತಾ ರಾಗ, ಸರಿ;
ಕೇಳ್ತಾ ಕೇಳ್ತಾ ನನಗೆ ಹಿಡಿದದ್ದು ರೋಗ.
ಬಂದದ್ದು ಮತ್ತೆ ಹೋಗುವುದಿಲ್ಲ, ಅದನ್ನು ಯಾರೂ ಹೇಳಿರಲಿಲ್ಲ.
ಫ್ರಿಜ್ಜು, ಲಿಫ್ಟು, ಚರ್ಚಿನ ಎರಡು ಗಂಟೆ,
ಗೋಡೆಯಾಚೆ ಜಗಳವಾಡುವ ಗಂಡಹೆಂಡಿರ ದನಿ,
ಎಲ್ಲದರ ನಡುವೆಯೂ ತೂಗು.
ಸೋದರತ್ತೆಯ ಮಗಳ ಮದುವೆಯಲ್ಲಿ ಊರೇ ಕುಣಿಯುವಾಗ
ಅಕಾರ್ಡಿಯನ್ನಿನ ಒಂದೇ ಒಂದು ಮನೆ ತಪ್ಪಿತೆಂದು
ಊಟ ಬಿಟ್ಟೆದ್ದೆ.

ಆಮೇಲೆ ಹೆಲ್ದೂರ್ ಕಲಿಸಿದ್ದು ತಪ್ಪುವುದನ್ನು.
ಪ್ರತಿಯೊಂದನ್ನೂ ಪೂರ್ತಿ ಸರಿಮಾಡಿದರೆ
ಕೊನೆಯದೊಂದು ತೋಳದಂತೆ ಊಳಿಡುತ್ತದೆ;
ಅದಕ್ಕೇ ಒಂದೊಂದರಿಂದಲೂ ಚೂರು ಸರಿಯನ್ನು ಕದಿಯಬೇಕು.
ಎಷ್ಟು ಚೂರು?
ಇಲ್ಲಿ ಸೆಕೆಂಡಿಗೆ ಏಳು ಬಡಿತ, ಅಲ್ಲಿ ಒಂದಕ್ಕೂ ಕಮ್ಮಿ.
ಎಣಿಸಿದೆ, ಎಣಿಸಿದೆ.
ಎಣಿಸುವುದು ಮರೆತ ದಿನ ಲೆಕ್ಕ ಕೂಡಿತು.

ಅವನು ತೀರಿಕೊಂಡ. ನೆಲಮಾಳಿಗೆ ಸೈಕಲ್ ಅಂಗಡಿಯಾಯಿತು.
ಹನ್ನೊಂದು ವರ್ಷ ನಾನು
ಮೊಸರಿನ ಡಬ್ಬಿಗಳಿಗೆ ಚೀಟಿ ಅಂಟಿಸಿದೆ.
ಯಾವುದು ಏಳು, ಯಾವುದು ಒಂದು,
ತಲೆಯಲ್ಲಿ ತಡಕಿದರೆ ಬರಿದು ಕಪಾಟು;
ಅವನ ಮುಖವೂ ಮೀಸೆಯಿಂದ ಮೇಲಕ್ಕೆ ಅಳಿಸಿಹೋಗಿತ್ತು.

ಮೊನ್ನೆ ಮಗಳ ಶಾಲೆಯವರು ಕರೆದರು:
"ನೀವು ಹಿಂದೆ ಈ ಕೆಲಸ... ಅಲ್ಲವೆ?"
ತುಕ್ಕು ಒರೆಸಿ ಕೀಲಿಕೈಯನ್ನು ಗೂಟಕ್ಕೆ ತೊಡಿಸಿದೆ.
ಏನೂ ನೆನಪಿಲ್ಲ ಅನ್ನಲು
ಬಾಯಿ ತೆರೆಯುವಷ್ಟರಲ್ಲಿ
ಮಣಿಕಟ್ಟು ತಿರುಗದೆಯೇ ತಿರುಗಿತು.
ತೂಗು ನಿಂತಿತು.
ನನ್ನ ಕೈಯನ್ನೇ ನೋಡುತ್ತ ಕೂತೆ,
ಬಾಡಿಗೆಗಿದ್ದವರು ಗುಟ್ಟಾಗಿ ಮನೆಯನ್ನು
ಒಪ್ಪವಾಗಿ ಇಟ್ಟುಕೊಂಡದ್ದು ಕಂಡ ಹಾಗೆ.

ಪಿಲ್ಲೆ ಪಕ್ಕದಲ್ಲೇ ನಿಂತಿದ್ದಳು, ಒಂಬತ್ತು ವರ್ಷ.
"ಏನು ಮಾಡಿದೆ? ಮೊದಲೂ ಹೀಗೇ ಇತ್ತಲ್ಲ."
"ಕೇಳು" ಅಂದೆ.
ಕೇಳಿದಳು. ಕಣ್ಣು ಕಿರಿದಾಯಿತು.
ಹೌದು ಅಂದಳು.
ಸುಳ್ಳು.

ತಂತಿಯನ್ನು ಕೂದಲೆಳೆಯಷ್ಟು ಸಡಿಲಿಸಲು
ತಾನಾಗಿ ಹೊರಟ ಕೈಯನ್ನು
ಹಿಂದಕ್ಕೆಳೆದು ಕೋಟಿನ ಜೇಬಿಗೆ ಹಾಕಿಕೊಂಡೆ.
ಇನ್ನೂ ಕೆಲವು ಮದುವೆಗಳಲ್ಲಿ
ಈ ಹುಡುಗಿ ಹೊಟ್ಟೆತುಂಬ ಉಣ್ಣಲಿ.